ಕೊಳವೆಗೆ ಬೆಸುಗೆ

ನಮ್ಮ ಕಟ್ಟಡದಲ್ಲಿ ಎಲ್ಲರೂ ಅವನನ್ನು ಕಿಡಿಯಪ್ಪ ಎಂದೇ ಕರೆಯುವುದು. ವೆಲ್ಡಿಂಗ್ ಕೆಲಸದವನು. ಮನೆ ಇದೇ ಕಟ್ಟಡದಲ್ಲಿ, ಕೆಲಸದ ಶೆಡ್ಡು ಕೆಳಗೆ ಅಂಗಳದ ಪಕ್ಕ. ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಂಬಿ, ಮುರಿದ ಕುರ್ಚಿಯ ಕಾಲು, ಏನು ತಂದುಕೊಟ್ಟರೂ ಬೆಸೆದು ಕೊಡುತ್ತಾನೆ. ಆದರೆ ಆ ಹೆಸರು ಬರೀ ಕಬ್ಬಿಣದ ಕಿಡಿಯಿಂದ ಬಂದದ್ದಲ್ಲ. ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೋರುವ ನಲ್ಲಿ ಕಂಡರೆ ಸಿಟ್ಟು, ಹಗಲಲ್ಲಿ ಉರಿಯುವ ದೀಪ ಕಂಡರೆ ಸಿಟ್ಟು, ಯಾರಾದರೂ ಅರ್ಧ ಕುಡಿದು ಬಿಟ್ಟುಹೋದ ಚಹಾದ ಲೋಟ ಕಂಡರೂ ಸಿಟ್ಟು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನಾದ್ದರಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ. ಬಹುವಚನ ಹಚ್ಚಿದರೆ ಅದಕ್ಕೂ ರೇಗುತ್ತಾನೆ.

ಹೆಂಡತಿ ಅವನಿಗೆ ತದ್ವಿರುದ್ಧ. ದನಿ ಏರಿಸಿದ್ದನ್ನು ನಾವ್ಯಾರೂ ಕೇಳಿಲ್ಲ. ಆದರೆ ಆಕೆ ಮೆತ್ತಗೆ ಒಂದು ಮಾತು ಆಡಿದಳೆಂದರೆ ಆ ದಿನ ಕಿಡಿಯಪ್ಪನಿಗೆ ಊಟ ಸೇರುವುದಿಲ್ಲ.

ನಮ್ಮದು ಎಂಟು ಮಹಡಿಯ ಹಳೆಯ ಕಟ್ಟಡ. ಪ್ರತಿ ಮಹಡಿಯಲ್ಲೂ ಮೆಟ್ಟಿಲ ಪಕ್ಕದ ಗೋಡೆಗೆ ಒಂದು ಚೌಕದ ಕಬ್ಬಿಣದ ಮುಚ್ಚಳ. ಅದರ ಹಿಂದೆ, ಮೇಲಿನಿಂದ ನೆಲದವರೆಗೆ ನೇರವಾಗಿ ಇಳಿಯುವ ಕಸದ ಕೊಳವೆ. ಮುಚ್ಚಳ ಎಳೆಯುವುದು, ಚೀಲ ಬಿಡುವುದು, ಮುಚ್ಚುವುದು. ಎಲ್ಲೋ ಕೆಳಗೆ ಧಡ್ ಎಂದು ಸದ್ದಾಗುತ್ತದೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಕಟ್ಟಿದವರು ಮನೆ ಮಾರುವಾಗ ಇದನ್ನೇ ದೊಡ್ಡ ಅನುಕೂಲವೆಂದು ಹೇಳಿಕೊಂಡಿದ್ದರು. ಅನುಕೂಲವೇನೋ ಹೌದು. ಹಳಸಿದ ಊಟ, ತರಕಾರಿ ಸಿಪ್ಪೆ, ಮಕ್ಕಳ ಡೈಪರು, ಹರಿದ ಚಪ್ಪಲಿ, ಸುಟ್ಟ ಬಲ್ಬು, ಕ್ಷೌರದ ಬ್ಲೇಡು, ಎಲ್ಲವೂ ಅದೇ ಬಾಯಿಗೆ. ಒಮ್ಮೆ ಯಾರೋ ಪುಣ್ಯಾತ್ಮರು ಇಡೀ ತಲೆದಿಂಬನ್ನೇ ತುರುಕಿದ್ದರಿಂದ ಕೊಳವೆ ಕಟ್ಟಿಕೊಂಡು ಮೂರನೇ ಮಹಡಿಯವರೆಗೆ ಕಸ ತುಂಬಿನಿಂತಿತ್ತು.

ಆ ದಿಂಬನ್ನು ಕೆಳಗಿನಿಂದ ಕೋಲು ಹಾಕಿ ಎಳೆದವಳು ಕೆಳಗಿನಕ್ಕ. ಕೊಳವೆ ಕೊನೆಯಾಗುವ ಕೋಣೆಯಲ್ಲಿ ಅವಳ ಕೆಲಸ. ಯಾವಾಗಲೂ ಕೆಳಗೇ ಇರುತ್ತಾಳೆಂದು ಮಕ್ಕಳು ಇಟ್ಟ ಹೆಸರು ದೊಡ್ಡವರಿಗೂ ಅಂಟಿತು. ಕೊಳವೆಯ ಬಾಯಿಯ ಕೆಳಗೆ ಚಕ್ರದ ಡಬ್ಬವೊಂದು ಇರುತ್ತಿತ್ತು. ಅದು ತುಂಬಿದಾಗ ಹೊರಗೆಳೆದು ಖಾಲಿ ಡಬ್ಬ ತಳ್ಳಬೇಕು. ಈ ಎರಡರ ನಡುವೆ ಒಂದಷ್ಟು ಹೊತ್ತು ಅವಳ ಕೈ, ತಲೆ, ಬೆನ್ನು ಆ ತೂತಿನ ಕೆಳಗೇ ಇರುತ್ತಿದ್ದವು. ಆಮೇಲೆ ಲಾರಿ ಬಂದು ಎಲ್ಲವನ್ನೂ ಊರ ಹೊರಗಿನ ಕಸದ ಗುಡ್ಡಕ್ಕೆ ಒಯ್ದು ಸುರಿಯುತ್ತಿತ್ತು. ಆ ಗುಡ್ಡ ನಮ್ಮ ಕಟ್ಟಡಕ್ಕಿಂತ ಎತ್ತರವಾಗಿದೆ ಎಂದು ಲಾರಿಯವನು ಹೇಳಿದಾಗ ನಾವೆಲ್ಲ ನಕ್ಕಿದ್ದೆವು.

ಕಿಡಿಯಪ್ಪನ ಶೆಡ್ಡಿಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ಅವಳಿಗೆ ಕಸದಲ್ಲಿ ಕಬ್ಬಿಣದ ಚೂರು ಸಿಕ್ಕರೆ ಇವನಿಗೆ ತಂದುಕೊಡುವಳು. ಇವನ ಮನೆಯಿಂದ ಚಹಾ ಬಂದರೆ ಅವಳಿಗೊಂದು ಲೋಟ. ಅವಳು ಅಣ್ಣಾ ಎನ್ನುವಳು, ಇವನು ತಂಗಿ ಎನ್ನುವನು. ಅಷ್ಟೇ ಬಳಕೆ.

ಮಕ್ಕಳು ಶಾಲೆಗೆ ಹೊರಡುವ ಒಂದು ಬೆಳಗಿನ ಹೊತ್ತು ಆ ಗೋಡೆಯಾಚೆ ಗಾಜು ಒಡೆದ ಸದ್ದು ಕೇಳಿತು. ಹಿಂದೆಯೇ ಕೂಗು. ಕಿಡಿಯಪ್ಪ ಕೈಯಲ್ಲಿದ್ದುದನ್ನು ಎಸೆದು ಓಡಿದ. ಅವಳು ಗೋಡೆಗೆ ಒರಗಿ ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಸುತ್ತಲೂ ಕಂದು ಬಣ್ಣದ ಗಾಜಿನ ಚೂರು, ಔಷಧಿಯ ಸಿಹಿ ವಾಸನೆ. ಕಬ್ಬಿಣ ಸಾಗಿಸುವ ಗಾಡಿಯಲ್ಲೇ ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ವೈದ್ಯರು ಕೈಲಾದದ್ದು ಮಾಡಿದರು. ಎಡಗಣ್ಣು ಉಳಿಯಲಿಲ್ಲ.

ಕಣ್ಣೆಂದರೆ ಏನೆಂದು ವೆಲ್ಡಿಂಗಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹರೆಯದಲ್ಲಿ ಕಪ್ಪು ಗಾಜು ಹಿಡಿಯದೆ ಕೆಲಸ ಮಾಡಿ, ಕಣ್ಣಿಗೆ ಮರಳು ಸುರಿದಂತಾಗಿ, ಒದ್ದೆ ಬಟ್ಟೆ ಕಟ್ಟಿಕೊಂಡು ನರಳಿದವನು ಅವನು. ಆಸ್ಪತ್ರೆಯಿಂದ ಬಂದವನೇ ಆ ಕೋಣೆಗೆ ಹೋಗಿ, ಮುಚ್ಚಳ ಇನ್ನೂ ಅಂಟಿಕೊಂಡಿದ್ದ ಬಾಟಲಿಯ ಕುತ್ತಿಗೆಯನ್ನು ಎತ್ತಿಕೊಂಡ. ಎಂಟನೇ ಮಹಡಿಗೆ ಹತ್ತಿ, ಅಲ್ಲಿಂದ ಒಂದೊಂದೇ ಬಾಗಿಲು ತಟ್ಟುತ್ತ ಇಳಿದ. ಕೇಳಿದ್ದು ಒಂದೇ ಪ್ರಶ್ನೆ, ಇದು ನಿಮ್ಮನೆಯದಾ ಅಂತ. ಒಬ್ಬರು ನಮ್ಮ ಮನೆಯಲ್ಲಿ ಗಾಜಿನ ಬಾಟಲಿಯೇ ಬರುವುದಿಲ್ಲ ಎಂದರು. ಇನ್ನೊಬ್ಬರು ಮೇಲಿನ ಮಹಡಿಯವರನ್ನು ಕೇಳಿ ಎಂದರು. ಅವನು ಮೇಲಿನಿಂದಲೇ ಬಂದಿದ್ದ. ಮತ್ತೊಬ್ಬರು ಆಸ್ಪತ್ರೆಗೆ ಒಯ್ಯಿರೆಂದು ಹಣ್ಣಿನ ಚೀಲ ಕೊಡಲು ಬಂದರು. ಅದು ಪ್ಲಾಸ್ಟಿಕ್ ಚೀಲವಾಗಿತ್ತು. ಅವನು ಮುಟ್ಟಲಿಲ್ಲ. ನನ್ನ ಬಾಗಿಲಿಗೂ ಬಂದಿದ್ದ. ನಾನು ಅಲ್ಲವೆಂದೆ. ನಂಬಿದನೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಸಂಜೆಯೊಳಗೆ ಕಟ್ಟಡದ ಕಾರ್ಯದರ್ಶಿ ಲಿಫ್ಟಿನ ಪಕ್ಕ ಒಂದು ಸೂಚನೆ ಅಂಟಿಸಿದರು. ಆಕಸ್ಮಿಕ ಘಟನೆಯ ಬಗ್ಗೆ ವಿಷಾದವಿದೆ, ಇನ್ನು ಮುಂದೆ ಗಾಜಿನ ವಸ್ತುಗಳನ್ನು ಕಾಗದದಲ್ಲಿ ಸುತ್ತಿ ಕೊಳವೆಗೆ ಹಾಕತಕ್ಕದ್ದು ಎಂದು ಅದರಲ್ಲಿತ್ತು. ಕಿಡಿಯಪ್ಪ ಅದನ್ನು ಓದಿ, ಕಿತ್ತು, ಮುದ್ದೆ ಮಾಡಿ, ಏಳನೇ ಮಹಡಿಗೆ ಹೋಗಿ ಕಾರ್ಯದರ್ಶಿಯ ಕೈಗೇ ಕೊಟ್ಟ.

"ಆಕಸ್ಮಿಕ ಅಂದ್ರೆ ಆಕಸ್ಮಿಕನೇ ಅಲ್ವಾ ಯಜಮಾನ್ರೇ," ಎಂದರು ಕಾರ್ಯದರ್ಶಿ. "ಯಾರಾದ್ರೂ ಬೇಕು ಅಂತ ಮಾಡಿದಾರಾ?"

"ಆಕಸ್ಮಿಕ ಅಲ್ಲ ಸ್ವಾಮಿ. ದಿನಾ ಅವಳ ತಲೆ ಮೇಲೆ ಎಸೀತಾನೇ ಇದೀವಿ. ಇವತ್ತು ತಗುಲ್ತು."

ಮನೆಗೆ ಬಂದಾಗಲೂ ಬಾಟಲಿಯ ಕುತ್ತಿಗೆ ಕೈಯಲ್ಲೇ ಇತ್ತು. ಊಟಕ್ಕೆ ಕೂತು ಇಡೀ ಕಟ್ಟಡಕ್ಕೆ ಹಿಡಿಶಾಪ ಹಾಕತೊಡಗಿದ. ಹೆಂಡತಿ ಬಡಿಸುತ್ತ ಕೇಳಿಸಿಕೊಂಡಳು. ಆಮೇಲೆ ಮೆತ್ತಗೆ ಹೇಳಿದಳು.

"ಎಲ್ರ ಮನೆ ಬಾಗಿಲೂ ತಟ್ಟಿದ್ರಿ. ನಮ್ಮನೆದು ತಟ್ಟಲಿಲ್ಲ."

ಅವನು ತಲೆ ಎತ್ತಿದ.

"ಇವತ್ತು ಬೆಳಿಗ್ಗೆ ನಾನೂ ಒಂದು ಚೀಲ ಬಿಟ್ಟೆ. ನಿಮ್ಮ ಕೆಮ್ಮಿನ ಔಷಧಿ ಖಾಲಿಯಾಗಿತ್ತು. ಅದು ಇವತ್ತಿನ ಚೀಲದಲ್ಲಿತ್ತೋ ನಿನ್ನೆದರಲ್ಲಿತ್ತೋ ನೆನಪಿಗೆ ಬರ್ತಿಲ್ಲ."

"ನಮ್ಮದಲ್ಲ ಅಂತ ಹೇಳೇ," ಎಂದ.

ಅವಳು ಹೇಳಲಿಲ್ಲ. ಅವನು ತಟ್ಟೆ ಬಿಟ್ಟೆದ್ದು ಕಪಾಟು ತೆರೆದು ನೋಡಿದ. ಹೊಸ ಬಾಟಲಿ ಅಲ್ಲಿತ್ತು. ಅದೇ ಕಂದು ಗಾಜು, ಅದೇ ಬಿಳಿ ಮುಚ್ಚಳ. ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವಂಥದ್ದು, ಯಾರ ಮನೆಯಲ್ಲಾದರೂ ಇರಬಹುದಾದದ್ದು. ಯಾರು ಎಸೆದದ್ದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೊಳವೆ ಇರುವುದೇ ಅದಕ್ಕೆ, ಯಾರದ್ದೆಂದು ಗೊತ್ತಾಗದಿರಲಿ ಅಂತ. ಈ ಮಾತನ್ನು ಅವನು ಆಮೇಲೆ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾನೆ. ಹೇಳುವಾಗಲೆಲ್ಲ ಹಲ್ಲು ಕಚ್ಚುತ್ತಾನೆ.

ಮರುದಿನ ಜನ ಕೆಲಸಕ್ಕೆ ಹೊರಟ ಮೇಲೆ ಬೆಸುಗೆ ಯಂತ್ರವನ್ನು ಲಿಫ್ಟಿನಲ್ಲಿಟ್ಟುಕೊಂಡು ಎಂಟನೇ ಮಹಡಿಗೆ ಹೋದ. ಮುಚ್ಚಳಕ್ಕೆ ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ ಬಿಡಲಿಲ್ಲ. ನಾಲ್ಕೂ ಅಂಚಿಗೆ ಉದ್ದಕ್ಕೂ ಬೆಸುಗೆ ಓಡಿಸಿದ. ಹೆಂಡತಿ ಹಿಂದೆ ನಿಂತು ವೈರು ಹಿಡಿದುಕೊಂಡಳು. ಸುಟ್ಟ ಬಣ್ಣದ ವಾಸನೆಗೆ ಮನೆಯಲ್ಲಿದ್ದವರೆಲ್ಲ ಬಾಗಿಲು ತೆರೆದರು. ಕೆಲವರು ಕೂಗಾಡಿದರು. ಕೈಯಲ್ಲಿ ಕಸದ ಚೀಲ ಹಿಡಿದುಕೊಂಡೇ ಕೂಗಾಡಿದವರೂ ಇದ್ದರು.

ಹಾಗೆ ಒಂದೊಂದೇ ಮಹಡಿ ಇಳಿಯುತ್ತ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಾರ್ಯದರ್ಶಿ ಏದುಸಿರು ಬಿಡುತ್ತ ಬಂದರು. ಇದು ಎಲ್ಲರ ಆಸ್ತಿ, ಪೊಲೀಸರನ್ನು ಕರೆಸುತ್ತೇನೆ ಎಂದರು.

ಕಿಡಿಯಪ್ಪ ಮುಖಗವಸು ಮೇಲೆತ್ತಿದ. "ಕರೆಸಿ. ಒಂದು ಕಣ್ಣು ಕಳೆದುಹೋಗಿದೆ, ಅದನ್ನೂ ಹುಡುಕ್ಬೇಕು ಅಂತ ಹೇಳಿ ಕರೆಸಿ."

ಪೊಲೀಸರು ಬರಲಿಲ್ಲ. ಕಣ್ಣಿನ ವಿಷಯ ಠಾಣೆಗೆ ಹೋಗುವುದು ಕಾರ್ಯದರ್ಶಿಗೂ ಬೇಕಿರಲಿಲ್ಲ.

ಆಮೇಲಿನ ದಿನಗಳು ಹೊಲಸು ದಿನಗಳು. ಜನ ಬೆಸೆದ ಮುಚ್ಚಳದ ಕೆಳಗೇ ಚೀಲ ಇಟ್ಟುಹೋಗತೊಡಗಿದರು, ಇಂದಲ್ಲ ನಾಳೆ ಅದಕ್ಕೆ ಕರುಣೆ ಬಂದು ಬಾಯಿ ತೆರೆದೀತು ಎನ್ನುವ ಹಾಗೆ. ಚೀಲಗಳಿಂದ ನೀರು ಸೋರಿ ಮೆಟ್ಟಿಲು ಜಾರತೊಡಗಿತು. ನೊಣ, ಜಿರಲೆ, ಮೂಗು ಮುಚ್ಚಿಕೊಂಡು ಓಡುವ ಮಕ್ಕಳು. ಮುಚ್ಚಳ ಕತ್ತರಿಸಿ ತೆಗೆಸೋಣವೆಂದು ಕಾರ್ಯದರ್ಶಿ ಮೊದಲು ಕೆಳಗಿನ ಕೋಣೆಗೆ ಬೇರೆ ಆಳು ಹುಡುಕಿದರು. ಬಂದ ಇಬ್ಬರೂ ಕೊಳವೆಯ ಬಾಯಿಯನ್ನು ಕತ್ತೆತ್ತಿ ನೋಡಿ, ಇಲ್ಲೇ ತಾನೆ ಆಕೆಗೆ ಹಾಗಾದದ್ದು ಎಂದು ಕೇಳಿ, ಬಂದ ದಾರಿ ಹಿಡಿದರು.

ಒಂದು ಬೆಳಿಗ್ಗೆ ಕಿಡಿಯಪ್ಪನ ಶೆಡ್ಡಿನ ಮುಂದೆಯೇ ಯಾರೋ ದೊಡ್ಡ ಚೀಲವೊಂದನ್ನು ಎಸೆದುಹೋಗಿದ್ದರು. ಅವನು ಅದನ್ನು ಅಂಗಳದ ನಡುವೆ ಸುರಿದು, ಕಬ್ಬಿಣದ ಸರಳಿನಿಂದ ಹರಡಿ, ಪಕ್ಕದಲ್ಲೇ ನಿಂತ. ಕೆಲಸಕ್ಕೆ ಹೊರಟವರೆಲ್ಲ ಅದರ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಬಾಯಿ ಒಡೆಯದ ಬಿಸ್ಕತ್ತಿನ ಪೊಟ್ಟಣ, ಬೆಲೆಯ ಚೀಟಿ ಇನ್ನೂ ಕಿತ್ತಿರದ ಮಗುವಿನ ಅಂಗಿ, ಅರ್ಧ ಬ್ರೆಡ್ಡು, ಒಂದೇ ಒಂದು ಚಮಚಕ್ಕಾಗಿ ನಾಲ್ಕು ಸುತ್ತು ಪ್ಲಾಸ್ಟಿಕ್ ಸುತ್ತಿದ್ದ ಡಬ್ಬಿ. ಯಾರೂ ನನ್ನದು ಎನ್ನಲಿಲ್ಲ. ಅವನು ದಾರಿಯಲ್ಲಿ ಹೋದ ಪ್ರತಿಯೊಬ್ಬರಿಗೂ ಬಾಯಿಗೆ ಬಂದಂತೆ ಬೈದ. ಗಂಟಲು ಕಟ್ಟುವವರೆಗೂ ಬೈದ. ಒಳಗೊಳಗೇ ಗೆದ್ದೆ ಅನ್ನಿಸಿತ್ತಂತೆ ಅವನಿಗೆ.

ಅದಾಗಿ ಕೆಲವೇ ದಿನಗಳಲ್ಲಿ ಕೆಳಗಿನಕ್ಕ ಬಂದಳು. ಕಣ್ಣಿಗೆ ಬಿಳಿ ಪಟ್ಟಿ, ಮುಖ ಇನ್ನೂ ಊದಿಕೊಂಡಿತ್ತು. ಕಿಡಿಯಪ್ಪ ಎದ್ದು ಸ್ಟೂಲು ಒರೆಸಿ ಇಟ್ಟ. ಅವಳು ಕೂರಲಿಲ್ಲ.

"ಕೊಳವೆ ಮುಚ್ಚಿದ್ರಂತೆ."

"ಮುಚ್ಚಿದೆ ತಂಗಿ. ಇನ್ಮೇಲೆ ನಿನ್ನ ತಲೆ ಮೇಲೆ ಏನೂ ಬೀಳಲ್ಲ."

"ಬೀಳೋಕೆ ನಾನಿಲ್ಲಿ ಇದ್ರೆ ತಾನೆ? ಕೊಳವೆನೇ ಇಲ್ಲ ಅಂದ್ಮೇಲೆ ಕೆಳಗೆ ಆಳು ಯಾಕೆ, ಬರಬೇಡ ಅಂತ ಹೇಳಿ ಕಳಿಸಿದಾರೆ. ಬೇರೆ ಕಡೆ ಹೋಗಿ ಕೇಳಿದ್ರೆ ಪಟ್ಟಿ ನೋಡಿ ಬಾಗಿಲು ಹಾಕ್ಕೋತಾರೆ."

"ನಾನು ನಿನಗೋಸ್ಕರ ಅಲ್ವೇನಮ್ಮ ಇಷ್ಟೆಲ್ಲಾ ಮಾಡಿದ್ದು?"

"ನನ್ನ ಕೇಳಿದ್ರಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಅವರು ನನ್ನ ಕೇಳದೆ ಎಸೆದ್ರು. ನೀವು ನನ್ನ ಕೇಳದೆ ಮುಚ್ಚಿದ್ರಿ. ಆಸ್ಪತ್ರೆಲಿ ಮಲಗಿದ್ದೆ, ಸತ್ತಿರಲಿಲ್ಲ. ಬಂದು ಒಂದು ಮಾತು ಕೇಳೋಕಾಗ್ಲಿಲ್ವಾ ಅಣ್ಣಾ? ನಿಮ್ಮ ಸಿಟ್ಟು ತೀರ್ತು. ನನ್ನ ಕೆಲಸ ಹೋಯ್ತು."

ಜೀವಮಾನದಲ್ಲಿ ಮೊದಲ ಸಲ ಕಿಡಿಯಪ್ಪನ ಸಿಟ್ಟಿಗೆ ಹೋಗಲು ಜಾಗ ಸಿಗಲಿಲ್ಲ. ಅವಳ ಮೇಲೆ ರೇಗುವಂತಿಲ್ಲ. ಕಾರ್ಯದರ್ಶಿಯನ್ನು ಬೈದು ಹಗುರಾಗೋಣವೆಂದರೆ ಅವಳು ದೂರಿದ್ದು ಕಾರ್ಯದರ್ಶಿಯನ್ನಲ್ಲ, ಇವನ ಕೈಕೆಲಸವನ್ನೇ. ಹೆಂಡತಿ ಬಂದು ಅವಳಿಗೆ ನೀರು ಕೊಟ್ಟಳು.

ಕೊನೆಗೆ ಅವನೇ ಕೇಳಿದ. "ಈಗ ಏನ್ ಮಾಡ್ಬೇಕು, ನೀನೇ ಹೇಳು."

"ಮೀಟಿಂಗ್ ಕರೆಸಿ. ನಾನು ಮಾತಾಡ್ತೀನಿ. ನೀವು ಬಾಯಿ ಮುಚ್ಕೊಂಡು ಪಕ್ಕದಲ್ಲಿ ನಿಂತ್ರೆ ಅಷ್ಟೇ ಸಾಕು."

ರಜೆಯ ದಿನ ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ವಾಸನೆ ಎಲ್ಲರನ್ನೂ ಕರೆತಂದಿತ್ತು. ಮುಚ್ಚಳಗಳನ್ನು ಕತ್ತರಿಸಿ ತೆಗೆಸಬೇಕು, ಖರ್ಚು ಕಿಡಿಯಪ್ಪನೇ ಕೊಡಬೇಕು ಎಂದು ಕಾರ್ಯದರ್ಶಿ ಶುರು ಮಾಡಿದರು. ಹಲವರು ತಲೆ ಆಡಿಸಿದರು. ಕಿಡಿಯಪ್ಪನ ಕುತ್ತಿಗೆಯ ನರ ಉಬ್ಬಿತು. ಹೆಂಡತಿ ಅವನ ಪಾದದ ಮೇಲೆ ತನ್ನ ಪಾದ ಇಟ್ಟುಕೊಂಡೇ ನಿಂತಿದ್ದಳು.

ಕೆಳಗಿನಕ್ಕ ಮುಂದೆ ಬಂದಳು. ಹಿಂದಿನಿಂದ ಯಾರೋ ಪಾಪ ಎಂದರು.

"ಪಾಪ ಅನ್ಬೇಡಿ," ಎಂದಳು. "ನಿಮ್ಮ ಪಾಪ ಪಾಪ ಕೇಳಿ ನನಗೆ ಸಾಕಾಗಿದೆ. ಕತ್ತರಿಸಿ ತೆಗೆಸೋದಾದ್ರೆ ತೆಗೆಸಿ. ಆದ್ರೆ ತೆಗೆಸಬೇಕು ಅನ್ನೋರು ದಿನಕ್ಕೊಬ್ರಂತೆ ಆ ಕೋಣೆಲಿ ಡಬ್ಬ ಎಳೀಬೇಕು. ನಾನು ಎಳೀತಿದ್ದ ಹಾಗೇನೇ, ಬಗ್ಗಿ."

ಅವಳು ಮುಂದುವರಿಸಿದಳು. ಇನ್ನು ಮುಂದೆ ಯಾರ ಕಸವನ್ನು ಅವರೇ ಹೊತ್ತು ಬೆಳಿಗ್ಗೆ ಅಂಗಳಕ್ಕೆ ತರಬೇಕು. ತನ್ನ ಮುಂದೆ ಬಿಚ್ಚಿ ತೋರಿಸಬೇಕು. ಕೊಳೆಯುವುದು ಒಂದು ಕಡೆ, ಗುಜರಿಗೆ ಹೋಗುವುದು ಒಂದು ಕಡೆ, ಕೊಯ್ಯುವುದು ಚುಚ್ಚುವುದು ಪ್ರತ್ಯೇಕ ಡಬ್ಬದಲ್ಲಿ. ಎಲ್ಲ ಕಲಸಿ ತಂದರೆ ಹಾಗೆಯೇ ವಾಪಸು ಒಯ್ಯಬೇಕು. ತನ್ನ ಸಂಬಳ ಮೊದಲಿನದೇ, ಆಸ್ಪತ್ರೆಯ ಖರ್ಚು ಕಟ್ಟಡದ್ದು. ಒಪ್ಪಿಗೆ ಇದ್ದರೆ ನಾಳೆಯಿಂದ ಬರುತ್ತೇನೆ, ಇಲ್ಲದಿದ್ದರೆ ನಿಮ್ಮ ಕಸ ನಿಮಗಿರಲಿ.

ಮನೆಯವರಿಬ್ಬರೂ ದುಡಿಯುವವರು, ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಐದನೇ ಮಹಡಿಯವರೊಬ್ಬರು ಗೊಣಗಿದರು.

"ಸಮಯ ಇಲ್ಲಾಂದ್ರೆ ಕಸ ಕಡಿಮೆ ಮಾಡಿ," ಎಂದಳು ಅವಳು.

ಮೊದಲು ಕೈ ಎತ್ತಿದ್ದು ಕಾರ್ಯದರ್ಶಿಯ ಹೆಂಡತಿ. ಆಕೆಯ ಅಡುಗೆಮನೆಯ ಗೋಡೆಗೇ ಆ ಕೊಳವೆ ತಾಗಿಕೊಂಡಿದೆ, ಬೀಳುವ ಒಂದೊಂದು ಚೀಲದ ಸದ್ದೂ ಆಕೆಗೆ ಕೇಳುತ್ತಿತ್ತು. ಕಾರ್ಯದರ್ಶಿ ತಿರುಗಿ ನೋಡಿದರು. ಆಕೆ ಕೈ ಇಳಿಸಲಿಲ್ಲ. ಆಮೇಲೆ ಒಂದೊಂದಾಗಿ ಕೈಗಳು ಮೇಲೆದ್ದವು. ಎಲ್ಲ ಮನಸ್ಸಿನಿಂದ ಎದ್ದವೆಂದು ನಾನು ಹೇಳಲಾರೆ.

ತನ್ನ ಕಸವನ್ನು ನೆರೆಯವರ ಕಣ್ಣೆದುರು ಬಿಚ್ಚುವುದು ಎಂಥ ಕೆಲಸವೆಂದು ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ. ಮುಖ ಎತ್ತಲಾಗುವುದಿಲ್ಲ. ಹೆಚ್ಚು ಮಾಡಿ ಹಳಸಿದ್ದು, ಆಸೆಗೆ ತಂದು ಮುಟ್ಟದೇ ಇಟ್ಟದ್ದು, ಕದ್ದು ತಿಂದದ್ದು, ಎಲ್ಲವೂ ಹೊರಬೀಳುತ್ತದೆ. ಆ ನಾಚಿಕೆಗೇ ಜನ ಬದಲಾದರು. ಅಳತೆ ನೋಡಿ ಅಡುಗೆ ಮಾಡಿದರು. ಅಂಗಡಿಗೆ ಹೋಗುವಾಗ ಬಟ್ಟೆಯ ಚೀಲ, ಪಾತ್ರೆ ಹಿಡಿದು ಹೊರಟರು. ಕಾರ್ಯದರ್ಶಿಯ ಚೀಲವನ್ನು ಅವಳು ಒಂದೆರಡು ಸಲ ವಾಪಸು ಕಳಿಸಿದಳು. ಅವರು ಅದನ್ನು ಎತ್ತಿಕೊಂಡು ಲಿಫ್ಟು ಹತ್ತುವಾಗ ಕಿಡಿಯಪ್ಪ ಶೆಡ್ಡಿನ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದ. ಅಷ್ಟು ಸಂತೋಷವನ್ನು ಅವನು ಮುಚ್ಚಿಟ್ಟುಕೊಳ್ಳಲಿಲ್ಲ.

ಕೊಳೆಯುವ ಕಸಕ್ಕೆ ಅವನೇ ಹಳೆಯ ಪೀಪಾಯಿಗಳನ್ನು ತಂದು ಗೊಬ್ಬರದ ಡ್ರಮ್ಮು ಮಾಡಿದ. ಬೆಸುಗೆ ಎಂದರೆ ಗಾಳಿಯೂ ತೂರಬಾರದು ಎನ್ನುವುದು ಅವನ ಕಸುಬಿನ ಹಠ. ಹಾಗೆಯೇ ಮಾಡಿದ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದಾಗ ಎದ್ದ ನಾತಕ್ಕೆ ಮೇಲಿನ ಮಹಡಿಗಳ ಕಿಟಕಿಗಳೆಲ್ಲ ದಡದಡ ಮುಚ್ಚಿಕೊಂಡವು. ಅಂದು ಇಡೀ ಕಟ್ಟಡ ಬಡ್ಡಿ ಸಮೇತ ಅವನಿಗೆ ಬೈಗುಳ ಹಿಂತಿರುಗಿಸಿತು.

"ಉಸಿರುಕಟ್ಟಿ ಇಟ್ರೆ ನೀವೂ ಹಾಗೇ ನಾರ್ತೀರಿ," ಎಂದಳು ಹೆಂಡತಿ. "ತೂತು ಹೊಡೀರಿ."

ಶಪಿಸುತ್ತಲೇ ತೂತು ಕೊರೆದ. ಒಣ ಎಲೆ ತಂದು ನಡುನಡುವೆ ಹಾಸಿದ. ಕೆಳಗಿನಕ್ಕ ದಿನವೂ ಕೋಲು ಹಾಕಿ ತಿರುವಿದಳು. ನಿಧಾನಕ್ಕೆ ಅದರಲ್ಲಿ ಮಣ್ಣಿನ ವಾಸನೆ ಬಂತು. ದಿನಾ ತುಂಬಿ ಹೋಗುತ್ತಿದ್ದ ಲಾರಿ ವಾರಕ್ಕೊಮ್ಮೆ ಬಂದರೆ ಸಾಕೆನ್ನುವ ಹಾಗಾಯಿತು.

ಆದರೂ ಒಂದು ಮೂಟೆ ಉಳಿದೇ ಉಳಿಯುತ್ತದೆ. ಡೈಪರು, ಹೊಳೆಯುವ ಕಾಗದದ ಪುಡಿ ಪೊಟ್ಟಣಗಳು, ಗುಜರಿಯವನೂ ಮುಟ್ಟದ ಕೊಳಕು. ಒಮ್ಮೆ ಕಿಡಿಯಪ್ಪ ಆ ಮೂಟೆಯ ಜೊತೆ ತಾನೂ ಲಾರಿ ಹತ್ತಿ ಹೋದ. ಗುಡ್ಡದ ಬುಡದಲ್ಲಿ ಮನೆಗಳಿದ್ದವಂತೆ. ತಂತಿಯ ಮೇಲೆ ಒಣಹಾಕಿದ ಬಟ್ಟೆಗೆಲ್ಲ ಹೊಗೆಯ ಬಣ್ಣ. ಒಬ್ಬ ಅಜ್ಜಿ ಹೊಸ್ತಿಲಲ್ಲಿ ಕೂತು, ಯಾವ ಕಡೆಯ ಲಾರಿ ಇದು ಎಂದು ಕೇಳಿದಳಂತೆ. ಅವನಿಗೆ ನಮ್ಮ ಬೀದಿಯ ಹೆಸರು ಹೇಳಲು ಬಾಯಿ ಬರಲಿಲ್ಲ. ಅಲ್ಲಿಂದ ಬಂದವನು ಸೀದಾ ಹಾರ್ಡ್‌ವೇರ್ ಅಂಗಡಿಗೆ ಹೋದ. ನಾಲ್ಕು ಸ್ಕ್ರೂ ಕೊಂಡು, ಅವುಗಳ ಮೇಲಿನ ಗಟ್ಟಿ ಪ್ಲಾಸ್ಟಿಕ್ಕನ್ನು ಅಲ್ಲೇ ಹರಿದು, ಇದು ನಿಮ್ಮದು, ನೀವೇ ಇಟ್ಕೊಳ್ಳಿ ಎಂದು ಮೇಜಿನ ಮೇಲಿಟ್ಟು ಬಂದ. ಈಗಲೂ ಎಲ್ಲ ಅಂಗಡಿಯಲ್ಲೂ ಹಾಗೇ ಮಾಡುತ್ತಾನೆ. ಕೆಲವರು ಅವನು ಬರುವುದನ್ನು ಕಂಡು ಗಲ್ಲಾ ಬಿಟ್ಟು ಒಳಗೆ ಹೋಗುತ್ತಾರೆ.

ಕೆಳಗಿನಕ್ಕನೂ ಅವನೂ ಮೊದಲಿನಂತೆ ಮಾತಾಡುತ್ತಾರೆ. ಅವಳು ಎಂದೂ ಅವನಿಗೆ ಉಪಕಾರವಾಯಿತು ಎಂದಿಲ್ಲ. ಅವನೂ ಕಾದಿಲ್ಲ. ದಿನಕ್ಕೊಂದು ಜಗಳವಂತೂ ಆಗಿಯೇ ಆಗುತ್ತದೆ, ಡ್ರಮ್ಮಿಗೆ ನೀರು ಹೆಚ್ಚಾಯಿತೆಂದೋ ಎಲೆ ಕಡಿಮೆಯಾಯಿತೆಂದೋ. ಗೆಲ್ಲುವವಳು ಯಾವಾಗಲೂ ಅವಳೇ.

ಮೊನ್ನೆ ಎದುರಿನ ಬೀದಿಯ ಕಟ್ಟಡದಿಂದ ಇಬ್ಬರು ಅವನ ಶೆಡ್ಡಿಗೆ ಬಂದಿದ್ದರು. ಅಲ್ಲಿಯೂ ಅಂಥದೇ ಕೊಳವೆಯಿದೆ. ನಮ್ಮದನ್ನೂ ಬೆಸೆದು ಕೊಡಿ, ಎಷ್ಟಾಗುತ್ತದೆ ಹೇಳಿ ಎಂದರು. ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಯಂತ್ರ ಹೊತ್ತು ಹೊರಟೇಬಿಡುತ್ತಾನೆ ಎಂದುಕೊಂಡೆ.

"ನಿಮ್ಮಲ್ಲಿ ಕೆಳಗೆ ಕೆಲಸ ಮಾಡೋದು ಯಾರು?" ಎಂದು ಕೇಳಿದ.

ಅವರು ಮುಖ ಮುಖ ನೋಡಿಕೊಂಡರು. ಯಾರೋ ಒಬ್ಬ ಬರುತ್ತಾನೆ ಎಂದರು.

"ಯಾರೋ ಒಬ್ಬ," ಎಂದು ಕಿಡಿಯಪ್ಪ ಅದನ್ನೇ ತಿರುಗಿ ಹೇಳಿದ. ಕಿವಿ ಕೆಂಪಾಗುತ್ತಿತ್ತು. "ಮೊದ್ಲು ಹೋಗಿ ಅವನ ಹೆಸರು ಕೇಳ್ಕೊಂಡು ಬನ್ನಿ. ಅವನನ್ನೂ ಕರ್ಕೊಂಡು ಬನ್ನಿ. ಅವನ ಜೊತೆ ಮಾತಾಡಿದ ಮೇಲೆ ಬೆಸುಗೆ ಮಾತು."

ಅವರು ಬೀದಿ ದಾಟುವವರೆಗೂ ಬಾಗಿಲಲ್ಲೇ ನಿಂತು ನೋಡಿದ. ಆಮೇಲೆ ಮುಖಗವಸು ಹಾಕಿಕೊಂಡು, ಅರ್ಧ ಬಿಟ್ಟಿದ್ದ ಗೇಟಿನ ಕೆಲಸಕ್ಕೆ ಕೂತ.